ಸಾಯಲೊಲ್ಲದ ಕಥೆಗಳು

ಆಯವ್ಯಯ, ನದಿ ನೀರು, ಶಾಲೆಗಳ ಮಾಧ್ಯಮ ಮೊದಲಾದ ಗುರುತರ ವಿಷಯಗಳನ್ನು ಚರ್ಚಿಸಬೇಕಾದ ಸ್ಥಳದಲ್ಲಿ ಟೆಲಿವಿಷನ್ ಧಾರಾವಾಹಿಗಳ ಪ್ರಸ್ತಾಪವೇಕೆಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಒಂದು ನಾಡಿನ ಜನರು ದಿನದ ದುಡಿಮೆ ಮುಗಿಸಿ ಕುಳಿತಾಗ ಯಾವ ಕಥೆಯನ್ನು ಕೇಳುತ್ತಾರೆ, ಆ ಕಥೆ ಅವರನ್ನು ಮರ್ಯಾದೆಯಿಂದ ಕಾಣುತ್ತದೆಯೆ ಇಲ್ಲವೆ ಎಂಬುದೂ ಸಾರ್ವಜನಿಕ ವಿಷಯವೇ ಹೊರತು ಬರಿಯ ಕಾಲಹರಣದ ಮಾತಲ್ಲ. ಹಿಂದೆ ಹರಿಕಥೆಯೂ ಬಯಲಾಟವೂ ಮಾಡುತ್ತಿದ್ದ ಕೆಲಸವನ್ನು ಈಗ ಮನೆಯ ಗೋಡೆಯ ಮೇಲಿನ ಪರದೆಯು ಮಾಡುತ್ತಿದೆ. ಕೆಲಸ ದೊಡ್ಡದು, ಆದುದರಿಂದ ಅದರ ವಿಮರ್ಶೆಯೂ ಆಗಬೇಕು.

ಬೆಂಗಳೂರಿನ ಉತ್ತರಕ್ಕೆ ಜಾಲಹಳ್ಳಿಯ ಆಚೆ ಇರುವ ಅಬ್ಬಿಗೆರೆಯನ್ನೇ ನೋಡಿರಿ. ತನ್ನ ಕೆರೆಯನ್ನೂ ಹೊಲಗಳನ್ನೂ ನಂಬಿ ಬದುಕುತ್ತಿದ್ದ ಹಳ್ಳಿ ಅದು. 1950ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಎಂಬ ಎರಡು ದೊಡ್ಡ ಕಾರ್ಖಾನೆಗಳು ಜಾಲಹಳ್ಳಿಯಲ್ಲಿ ನೆಲೆಗೊಂಡ ತರುವಾಯ ಸುತ್ತಲಿನ ಸೀಮೆಯೆಲ್ಲ ಬದಲಾಯಿತು. ಇಂದು ಅಬ್ಬಿಗೆರೆಯ ಬೀದಿಗಳಲ್ಲಿ ಲೇತು ಯಂತ್ರಗಳು ತಿರುಗುವ ಸಣ್ಣ ಸಣ್ಣ ಕಾರ್ಖಾನೆಗಳಿವೆ. ನಾಡಿನ ನಾನಾ ಜಿಲ್ಲೆಗಳಿಂದ ಬಂದ ಸಂಸಾರಗಳಿವೆ. ಇವರಿಗೆಲ್ಲ ಸಮಾನವಾದ ಜಾತ್ರೆಯಿಲ್ಲ, ಸಮಾನವಾದ ಕುಲದೇವತೆಯಿಲ್ಲ. ಸಮಾನವಾಗಿ ಇರುವುದೇನಾದರೂ ಉಂಟಾದರೆ ಅದು ರಾತ್ರಿಯ ಧಾರಾವಾಹಿ. ಹಿಂದಿನ ರಾತ್ರಿ ನಾಯಿಕೆಗೆ ಒದಗಿದ ಕಷ್ಟವು ಮಾರನೆಯ ಬೆಳಿಗ್ಗೆ ಹಾಲಿನ ಬೂತಿನ ಮುಂದೆಯೂ, ಯಶವಂತಪುರದ ಬಸ್ಸಿನಲ್ಲಿಯೂ ಚರ್ಚೆಗೆ ಬರುತ್ತದೆ. ಚರ್ಚೆಯ ಧ್ವನಿ ಮಾತ್ರ ಈಚೆಗೆ ಬದಲಾಗಿದೆ. ಮೊದಲು 'ಪಾಪ, ಅವಳಿಗೆ ಮುಂದೇನಾಗುವುದೋ!' ಎನ್ನುತ್ತಿದ್ದವರು ಈಗ 'ಈ ಕಥೆ ಬರೆಯುವವರಿಗೆ ನಮ್ಮನ್ನು ಕಂಡರೆ ಅಷ್ಟು ಹಗುರವೆ?' ಎಂದು ಕೇಳುತ್ತಿದ್ದಾರೆ. ಈ ಎರಡನೆಯ ಪ್ರಶ್ನೆಯೇ ನಮ್ಮ ಇಂದಿನ ವಿಷಯ.

ಈ ಅಸಮಾಧಾನಕ್ಕೆ ಕನ್ನಡದಲ್ಲಿ ಪ್ರಸಿದ್ಧವಾದ ನಿದರ್ಶನವೆಂದರೆ 'ಪುಟ್ಟಗೌರಿ ಮದುವೆ'. 2008ರಿಂದ 2016ರವರೆಗೆ ನಡೆದ 'ಬಾಲಿಕಾ ವಧು' ಎಂಬ ಹಿಂದಿ ಧಾರಾವಾಹಿಯನ್ನು ಆಧಾರವಾಗಿಟ್ಟುಕೊಂಡು ಇದು 2012ರ ಡಿಸೆಂಬರಿನಲ್ಲಿ ಕನ್ನಡದಲ್ಲಿ ಆರಂಭವಾಯಿತು. ಆಟವಾಡುವ ವಯಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡು ಗಂಡನ ಮನೆಗೆ ಬಂದ ಹುಡುಗಿಯ ಕಥೆ ಅದು. ಬಾಲ್ಯವಿವಾಹವನ್ನು ತಡೆಯಲು 1929ರಲ್ಲಿಯೇ ಶಾರದಾ ಶಾಸನ ಬಂದಿತು. 2006ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂದಿತು. ಆದರೂ ಆ ಪದ್ಧತಿ ನಾಡಿನಿಂದ ಸಂಪೂರ್ಣವಾಗಿ ತೊಲಗಿಲ್ಲವೆಂಬುದನ್ನು ಅಧಿಕಾರದಲ್ಲಿರುವ ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಸರ್ಕಾರದ ಸುತ್ತೋಲೆ ಹೋಗಲಾರದ ಅಡಿಗೆಮನೆಗೆ ಈ ಕಥೆ ಹೋಯಿತು. ಹೆಣ್ಣುಮಕ್ಕಳ ತಾಯಂದಿರು ಗೌರಿಯ ಕಣ್ಣೀರನ್ನು ಕಂಡು ತಮ್ಮ ಕಣ್ಣನ್ನೂ ಒರಸಿಕೊಂಡರು. ಈ ಮಗುವಿಗೆ ಆದ ಅನ್ಯಾಯಕ್ಕೆ ಪರಿಹಾರವೇನು ಎಂಬ ಪ್ರಶ್ನೆಯು ಸಾವಿರಾರು ಮನೆಗಳಲ್ಲಿ ಎದ್ದಿತು.

ಐದು ವರ್ಷ ಕಳೆಯುವಷ್ಟರಲ್ಲಿ ಆ ಪ್ರಶ್ನೆ ಎಲ್ಲಿ ಹೋಯಿತು? ಗೌರಿ ಬೆಳೆದಳು, ಗಂಡ ಮಹೇಶನು ಮತ್ತೊಬ್ಬಳನ್ನು ಮದುವೆಯಾದನು, ಸಂಚಿನ ಮೇಲೆ ಸಂಚು ಬಂದಿತು. ಕಥೆ ಮುಗಿಯುವ ಕಾಲ ಸಮೀಪಿಸಿದಂತೆ ಗೌರಿಯು ಬೆಟ್ಟದ ತುದಿಯಿಂದ ಕೆಳಕ್ಕೆ ಬಿದ್ದಳು. ಬಿದ್ದರೂ ಸಾಯಲಿಲ್ಲ. ಕಾಡಿನಲ್ಲಿ ಹುಲಿ ಎದುರಾಯಿತು. ಆ ಹುಲಿಯಿಂದಲೂ ಪಾರಾದಳು. ನಾಡೆಲ್ಲ ನಕ್ಕಿತು. ಪರಿಹಾಸದ ಚಿತ್ರಗಳು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹಾರಿದವು. 2018ರಲ್ಲಿ ಧಾರಾವಾಹಿಯ ಹೆಸರೂ ನಾಯಿಕೆಯೂ ಬದಲಾಗಿ ಅದು 'ಮಂಗಳಗೌರಿ ಮದುವೆ'ಯಾಗಿ ಮುಂದುವರಿಯಿತು. ಬಾಲವಧುವಿನ ಕಥೆ ಹುಲಿಯ ಕಥೆಯಾಗಿ ಪರಿಣಮಿಸಿತು. ಮೊದಲು ಅತ್ತಿದ್ದ ಜನವೇ ಕೊನೆಗೆ ನಕ್ಕರೆಂಬುದು ನಮಗೆ ವಿನೋದವಾಗಿ ತೋರುವುದಿಲ್ಲ. ಒಂದು ಒಳ್ಳೆಯ ಪ್ರಶ್ನೆಯನ್ನು ಮನೆಮನೆಗೂ ಕೊಂಡೊಯ್ದು, ಉತ್ತರ ಹೇಳದೆ, ನಗೆಪಾಟಲು ಮಾಡಿ ಬಿಟ್ಟುಬಂದಂತಾಯಿತು. ನಷ್ಟವಾದದ್ದು ಅಲ್ಲಿ.

ಅಸಂಭವವಾದುದನ್ನು ತೋರಿಸಿದ್ದಕ್ಕೆ ಜನ ಮುನಿದರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ನಮ್ಮ ಜನ ಅಸಂಭವಕ್ಕೆ ಅಂಜಿದವರಲ್ಲ. ಹನುಮಂತನು ಸಮುದ್ರವನ್ನು ಹಾರಿದುದನ್ನು ಅವರು ತಲೆತಲಾಂತರದಿಂದ ಕೇಳಿ ಆನಂದಪಟ್ಟಿದ್ದಾರೆ. ಸತ್ಯವಂತನು ಸತ್ತು ಬದುಕಿದುದನ್ನೂ ಒಪ್ಪಿದ್ದಾರೆ. ಆದರೆ ಸಾವಿತ್ರಿಗೆ ಗಂಡನ ಪ್ರಾಣ ಪುಕ್ಕಟೆಯಾಗಿ ಸಿಕ್ಕಿತೆ? ಸಾವಿನ ದಿನವನ್ನು ಮೊದಲೇ ಅರಿತು, ವ್ರತವಿದ್ದು, ಯಮನ ಹಿಂದೆ ನಡೆದು, ಒಂದೊಂದು ಮಾತಿಗೆ ಒಂದೊಂದು ವರವನ್ನು ಗಳಿಸಿ, ಧರ್ಮರಾಜನನ್ನು ಅವನ ಮಾತಿನಲ್ಲಿಯೇ ಕಟ್ಟಿಹಾಕಿ ಅವಳು ಗಂಡನನ್ನು ಬಿಡಿಸಿಕೊಂಡಳು. ಅಲ್ಲಿ ಸಾವು ನಿಜವಾದ ಸಾವು. ಆದುದರಿಂದಲೇ ಬದುಕು ನಿಜವಾದ ಗೆಲವು. ಬೆಟ್ಟದಿಂದ ಬಿದ್ದವಳು ಯಾವ ಬೆಲೆಯನ್ನೂ ತೆರದೆ ಎದ್ದು ಬಂದರೆ, ಇನ್ನು ಮುಂದೆ ಅವಳಿಗೆ ಯಾವ ಅಪಾಯ ಬಂದರೂ ನೋಡುವವನ ಎದೆ ಬಡಿದುಕೊಳ್ಳುವುದಿಲ್ಲ. ಭಯವಿಲ್ಲದ ಕಡೆ ಕರುಣೆಯೂ ಇರಲಾರದು. ಕರುಣೆ ಹೋದ ಮೇಲೆ ಉಳಿಯುವುದು ನಗೆಯೊಂದೇ.

ಈ ಕಾಯಿಲೆ ಕನ್ನಡಕ್ಕೆ ಮಾತ್ರ ತಗುಲಿದ್ದಲ್ಲ. ನಮ್ಮ ಪಟ್ಟಣಗಳ ತರುಣರು ಇಷ್ಟಪಟ್ಟು ನೋಡಿದ 'ದಿ ವಾಕಿಂಗ್ ಡೆಡ್' ಎಂಬ ಅಮೆರಿಕೆಯ ಧಾರಾವಾಹಿಯ ಚರಿತ್ರೆ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಸತ್ತವರು ಜಾಂಬಿಗಳಾಗಿ, ಅಂದರೆ ನಡೆಯುವ ಹೆಣಗಳಾಗಿ ಎದ್ದು ಬದುಕಿರುವವರನ್ನು ತಿನ್ನಲು ಬರುವ ಕಾಲದಲ್ಲಿ, ಅಳಿದುಳಿದ ಕೆಲವರು ಮನುಷ್ಯತ್ವವನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದು ಅದರ ವಸ್ತು. ರಾಬರ್ಟ್ ಕಿರ್ಕ್‌ಮನ್ನನು 2003ರಿಂದ 2019ರವರೆಗೆ 193 ಸಂಚಿಕೆಗಳಲ್ಲಿ ಬರೆದ ಚಿತ್ರಕಥೆಯೇ ಅದಕ್ಕೆ ಮೂಲ. ಪರದೆಯ ಮೇಲೆ ಅದು 2010ರ ಅಕ್ಟೋಬರ್ 31ರಂದು ಆರಂಭವಾಗಿ 2022ರ ನವೆಂಬರಿನಲ್ಲಿ, 177 ಕಂತುಗಳಾದ ಮೇಲೆ ಮುಗಿಯಿತು. ಯಾರು ಬೇಕಾದರೂ ಯಾವ ಕ್ಷಣದಲ್ಲಾದರೂ ಸಾಯಬಹುದು ಎಂಬ ಕಠಿಣವಾದ ನೇಮವೇ ಆ ಕಥೆಯ ಶಕ್ತಿಯಾಗಿದ್ದಿತು.

ಆ ನೇಮವನ್ನು ಕಥೆಗಾರರೇ ಮುರಿದರು. 2015ರ ಅಕ್ಟೋಬರಿನಲ್ಲಿ, ಎಲ್ಲರ ಪ್ರೀತಿಗೆ ಪಾತ್ರನಾಗಿದ್ದ ಗ್ಲೆನ್ ಎಂಬ ಯುವಕನು ಹೆಣಗಳ ಗುಂಪಿನ ನಡುವೆ ಬಿದ್ದುದನ್ನೂ, ಹೆಣಗಳು ಕರುಳನ್ನು ಕಿತ್ತು ತಿನ್ನುತ್ತಿರುವುದನ್ನೂ ತೋರಿಸಲಾಯಿತು. ಆರಂಭದ ನಾಮಾವಳಿಯಿಂದ ಆ ನಟನ ಹೆಸರನ್ನೂ ತೆಗೆದುಹಾಕಿದರು. ಜನ ಶೋಕಿಸಿದರು. ಕೆಲವು ವಾರಗಳ ತರುವಾಯ ನೋಡಿದರೆ ಅವನು ಕಸದ ದೊಡ್ಡ ತೊಟ್ಟಿಯ ಕೆಳಗೆ ನುಸುಳಿ ಪಾರಾಗಿದ್ದನು. ಹೆಣಗಳು ತಿಂದದ್ದು ಅವನ ಮೈಮೇಲೆ ಬಿದ್ದಿದ್ದ ಇನ್ನೊಬ್ಬನನ್ನು! ನೋಡುಗರಿಗೆ ಸಂತೋಷವಾಗಬೇಕಾಗಿದ್ದಿತು, ಆದುದು ಅವಮಾನ. ತಮ್ಮ ದುಃಖವನ್ನು ಪಗಡೆಯ ಕಾಯಿಯಂತೆ ಉರುಳಿಸಿ ಆಡಿದರೆಂದು ಅವರಿಗೆ ತೋರಿತು.

ಅದು ಸಾಲದೆಂಬಂತೆ 2016ರ ಏಪ್ರಿಲಿನಲ್ಲಿ, ಕ್ರೂರಿಯಾದ ನೇಗನ್ ಎಂಬುವನು ಗುಂಪಿನಲ್ಲಿ ಒಬ್ಬನನ್ನು ಹೊಡೆದು ಕೊಲ್ಲುವುದನ್ನು ತೋರಿಸಿ, ಕೊಂದದ್ದು ಯಾರನ್ನು ಎಂಬುದನ್ನು ತೋರಿಸದೆ ಆ ವರ್ಷದ ಕಥೆಗೆ ತೆರೆ ಎಳೆದರು. ಆರು ತಿಂಗಳು ಕಾದಿದ್ದ ಜನ ಅಕ್ಟೋಬರ್ 23ರಂದು ಕಿಕ್ಕಿರಿದು ನೋಡಿದರು. ಅಮೆರಿಕೆಯಲ್ಲಿ ಅಂದಿನ ನೋಡುಗರ ಸಂಖ್ಯೆ ಸುಮಾರು 1 ಕೋಟಿ 70 ಲಕ್ಷ. ಸತ್ತವರಿಬ್ಬರಲ್ಲಿ ಹಿಂದೆ ತೊಟ್ಟಿಯ ಕೆಳಗಿನಿಂದ ಬದುಕಿ ಬಂದಿದ್ದ ಅದೇ ಗ್ಲೆನ್ ಒಬ್ಬನು. ಒಬ್ಬನನ್ನೇ ಎರಡು ಬಾರಿ ಕೊಂದಂತಾಯಿತು. 2018ರಲ್ಲಿ ನಾಯಕನ ಮಗ ಕಾರ್ಲನನ್ನು ಕೊಂದರು. ಮೂಲ ಚಿತ್ರಕಥೆಯಲ್ಲಿ ಆ ಹುಡುಗನು ಕೊನೆಯವರೆಗೂ ಬದುಕಿ ದೊಡ್ಡವನಾಗುತ್ತಾನೆ. ತಂದೆಯ ಹೋರಾಟವೆಲ್ಲ ಅವನಿಗೊಂದು ಲೋಕವನ್ನು ಉಳಿಸಿಕೊಡುವುದಕ್ಕಾಗಿಯೇ. ಆ ಮಗನೇ ಇಲ್ಲದ ಮೇಲೆ ಉಳಿದ ಕಥೆ ಯಾರಿಗಾಗಿ ಎಂದು ಅಭಿಮಾನಿಗಳು ಕೇಳಿದರು. ಕಥೆಯ ಹೊಣೆ ಹೊತ್ತವರನ್ನು ತೆಗೆಯಬೇಕೆಂದು ಸಹಿ ಸಂಗ್ರಹಿಸಿದರು. ಸಹಿಗಿಂತಲೂ ಖಂಡಿತವಾದ ಉತ್ತರವೆಂದರೆ ಪರದೆಯನ್ನು ಆರಿಸುವುದು. ಅದನ್ನೂ ಅವರು ಮಾಡಿದರು. 2022ರ ಕೊನೆಯ ಕಂತನ್ನು ಪ್ರಸಾರದ ವೇಳೆಯಲ್ಲಿ ಅಲ್ಲಿ ನೋಡಿದವರು 25 ಲಕ್ಷಕ್ಕಿಂತಲೂ ಕಡಿಮೆ.

ನಡೆಯುವ ಹೆಣಗಳ ಕಥೆ ಕೊನೆಗೆ ತಾನೇ ನಡೆಯುವ ಹೆಣವಾಯಿತು. ಉಸಿರಿಲ್ಲ, ಗುರಿಯಿಲ್ಲ, ಆದರೂ ಕಾಲು ಎಳೆದುಕೊಂಡು ಮುಂದಕ್ಕೆ ಸಾಗುತ್ತಲೇ ಇತ್ತು. ನಮ್ಮ ಅನೇಕ ಧಾರಾವಾಹಿಗಳ ಪರಿಯೂ ಇದೇ. ವ್ಯತ್ಯಾಸವೆಂದರೆ, ಅಲ್ಲಿಯವರು ಪ್ರಿಯವಾದ ಪಾತ್ರವನ್ನು ಕೊಂದು ಕೆಡಿಸಿದರು. ನಮ್ಮವರು ಸಾಯಬೇಕಾದ ಕಥೆಯನ್ನು ಸಾಯಗೊಡದೆ ಕೆಡಿಸುತ್ತಾರೆ.

ಇದಕ್ಕೆ ಕಾರಣ ಬರೆಯುವವರ ಬುದ್ಧಿಮಾಂದ್ಯವೆಂದು ನಾವು ಹೇಳುವುದಿಲ್ಲ. ಕಾರಣ ಏರ್ಪಾಟಿನಲ್ಲಿದೆ. 'ಬಾರ್ಕ್' ಎಂಬ ಸಂಸ್ಥೆಯು ದೇಶದಾದ್ಯಂತ ಐವತ್ತು ಸಾವಿರಕ್ಕೆ ಮೇಲ್ಪಟ್ಟ ಮನೆಗಳಲ್ಲಿ ಮಾಪಕಗಳನ್ನಿಟ್ಟು, ಯಾರು ಯಾವುದನ್ನು ಎಷ್ಟು ಹೊತ್ತು ನೋಡಿದರೆಂದು ಲೆಕ್ಕ ಹಾಕಿ 2015ರಿಂದ ವಾರವಾರವೂ ಅಂಕಿಗಳನ್ನು ಹೊರಡಿಸುತ್ತಿದೆ. ಆ ಅಂಕಿಗೆ ತಕ್ಕಂತೆ ಜಾಹೀರಾತಿನ ಹಣ ಬರುತ್ತದೆ. ಅಂಕಿ ಏರಿದ ಕಥೆಯನ್ನು ಮುಗಿಸುವ ಧೈರ್ಯ ಯಾರಿಗೂ ಇಲ್ಲ. ಇಳಿದ ಕಥೆಯನ್ನು ಮೇಲೆತ್ತಲು ಬೆಟ್ಟವೂ ಹುಲಿಯೂ ಬೇಕಾಗುತ್ತವೆ. ವಾರಕ್ಕೆ ಐದಾರು ಕಂತುಗಳಂತೆ ವರ್ಷಗಟ್ಟಲೆ ಬರೆಯಬೇಕಾದವನು ಮುಂದಿನ ವರ್ಷದ ಕಥೆಯನ್ನು ಯೋಚಿಸುವುದೆಂತು? ನಾಳೆಯ ದೃಶ್ಯವನ್ನು ಇಂದು ರಾತ್ರಿ ಬರೆದುಕೊಟ್ಟರೆ ಸಾಕಾಗಿರುತ್ತದೆ. ಇದರ ಹಿಂದೆ ನಟರು, ಬೆಳಕಿನವರು, ಬಡಗಿಗಳು, ಅಡಿಗೆಯವರು ಮೊದಲಾದ ಎಷ್ಟೋ ಕುಟುಂಬಗಳ ಅನ್ನವಿದೆಯೆಂಬುದನ್ನೂ ನಾವು ಮರೆತಿಲ್ಲ. ಆದರೆ ಅನ್ನ ಕೊಡುವ ವೃತ್ತಿಯು ತನ್ನ ಹೆಸರನ್ನು ತಾನೇ ಕೆಡಿಸಿಕೊಂಡರೆ ಆ ಅನ್ನಕ್ಕೂ ಭದ್ರತೆಯಿಲ್ಲ.

ಕಥೆಯನ್ನು ಎರವು ತಂದಾಗ ಈ ತೊಡಕು ಇಮ್ಮಡಿಯಾಗುತ್ತದೆ. 2018-19ರಲ್ಲಿ ಸುಮಾರು ಒಂದು ವರ್ಷ ನಡೆದು ಮುಗಿದ 'ತುಲಾ ಪಾಹತೇ ರೇ' ಎಂಬ ಮರಾಠಿ ಧಾರಾವಾಹಿಯಿಂದ ಕನ್ನಡದ 'ಜೊತೆ ಜೊತೆಯಲಿ' ಹುಟ್ಟಿತು. ನಡುವಯಸ್ಸಿನ ಶ್ರೀಮಂತ ಆರ್ಯವರ್ಧನನಿಗೂ, ಸಾಮಾನ್ಯ ಸಂಸಾರದ ಹುಡುಗಿ ಅನುವಿಗೂ ಬೆಳೆಯುವ ಅನುರಾಗವನ್ನು ಜನ ಅಪಾರವಾಗಿ ಮೆಚ್ಚಿದರು. ಆದರೆ ಮರಾಠಿಯಲ್ಲಿ ನಾಯಕನೇ ವಂಚಕನೆಂದು ತಿಳಿಯುವುದು ಕಥೆಯ ತಿರುಳು. ಒಂದು ವರ್ಷದ ಕಥೆಯಲ್ಲಿ ಅಂತಹ ತಿರುವು ಚುರುಕಾಗಿ ನಾಟುತ್ತದೆ. 2019ರಿಂದ 2023ರವರೆಗೆ ಮೂರೂವರೆ ವರ್ಷಕ್ಕೂ ಮಿಕ್ಕಿ ಎಳೆದ ಕಥೆಯಲ್ಲಿ ಜನ ಆ ನಾಯಕನನ್ನು ಮನೆಯವನಂತೆ ಭಾವಿಸಿಬಿಟ್ಟಿರುತ್ತಾರೆ. ಅವನನ್ನು ದುಷ್ಟನೆನ್ನುವುದೂ ಕಷ್ಟ, ಒಳ್ಳೆಯವನೆನ್ನುವುದೂ ಕಷ್ಟ. ಇದರ ಮೇಲೆ 2022ರ ಆಗಸ್ಟಿನಲ್ಲಿ ನಿರ್ಮಾಪಕರಿಗೂ ನಾಯಕ ನಟ ಅನಿರುದ್ಧ ಅವರಿಗೂ ಭಿನ್ನಾಭಿಪ್ರಾಯವುಂಟಾಗಿ ಅವರು ಹೊರಬಂದರು. ಆ ಪಾತ್ರವು ಬೇರೊಬ್ಬ ನಟರ ಮುಖ ಹೊತ್ತು ಮುಂದುವರಿಯಿತು. ತಪ್ಪು ಯಾರದೆಂಬ ವಿಚಾರಣೆ ನಮ್ಮದಲ್ಲ. ಪಾತ್ರಕ್ಕೆ ಬೇರೆ ಮುಖ ಅಂಟಿಸಿಯಾದರೂ ಕಥೆ ಸಾಗಲೇಬೇಕೆಂಬ ಹಟವನ್ನು ಮಾತ್ರ ಎತ್ತಿ ತೋರಿಸುತ್ತೇವೆ.

ಹಾಗೆಂದು ಜನಕ್ಕೆ ದೀರ್ಘವಾದ ಕಥೆಯೇ ಬೇಡವೆಂದು ತಿಳಿಯಬಾರದು. ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2018ರಲ್ಲಿ ಆರಂಭವಾಗಿ, 2020ರಲ್ಲಿ ಕೊರೋನಾ ಹಾವಳಿಯ ಕಾಲಕ್ಕೆ ಅರ್ಧದಲ್ಲಿಯೇ ನಿಂತುಹೋದಾಗ ನೋಡುಗರು ನಿಜವಾಗಿ ನೊಂದರು, ಮುಂದುವರಿಸಬೇಕೆಂದು ಬೇಡಿದರು. ಒಂದು ಕಥೆ ಬೇಗ ನಿಂತಿತೆಂದು ದುಃಖಿಸಿದವರೇ ಇನ್ನೊಂದು ಕಥೆ ನಿಲ್ಲಲಿಲ್ಲವೆಂದು ಬೈದರು. ಇದು ಚಪಲಚಿತ್ತವಲ್ಲ, ವಿವೇಕ. ಎಲ್ಲಿಗೋ ಹೋಗುತ್ತಿರುವ ಕಥೆಯ ಸಂಗಡ ಅವರು ಎಷ್ಟು ದೂರವಾದರೂ ನಡೆಯಬಲ್ಲರು. ಗಾಣದೆತ್ತಿನಂತೆ ಸುತ್ತುವ ಕಥೆಯ ಸಂಗಡ ನಡೆಯಲಾರರು.

ಹೆಣವು ಕಥೆ ಹೇಳುವ ಪರಿಪಾಟಿ ನಮ್ಮಲ್ಲಿ ಹಳೆಯದೇ. ವಿಕ್ರಮರಾಜನ ಹೆಗಲೇರಿದ ಬೇತಾಳನನ್ನು ಯಾರು ಅರಿಯರು? ಅವನ ಪ್ರತಿ ಕಥೆಯೂ ಒಂದು ಪ್ರಶ್ನೆಯಲ್ಲಿ ಮುಗಿಯುತ್ತಿದ್ದಿತು. ಆ ಪ್ರಶ್ನೆ 'ಮುಂದೇನಾಗುವುದು' ಎಂಬುದಲ್ಲ. 'ಇವರಲ್ಲಿ ಯಾರದು ಧರ್ಮ' ಎಂಬುದು. ಕಥೆಯನ್ನು ಪೂರ್ತಿಯಾಗಿ ಹೇಳಿ, ಕೇಳಿದವನ ವಿವೇಕಕ್ಕೆ ಕೆಲಸ ಕೊಡುತ್ತಿದ್ದನೇ ವಿನಾ, ಕಥೆಯನ್ನು ಅರ್ಧಕ್ಕೆ ಕತ್ತರಿಸಿ ಅವನ ಕುತೂಹಲವನ್ನು ಒತ್ತೆಯಿಟ್ಟುಕೊಳ್ಳುತ್ತಿರಲಿಲ್ಲ. ಇಪ್ಪತ್ತೈದು ಕಥೆಗಳಾದ ಮೇಲೆ, ಉತ್ತರ ತೋರದೆ ರಾಜನು ಮೌನವಾದಾಗ, ಅವನು ನಿಲ್ಲಿಸಿದನು. ಎಲ್ಲಿ ನಿಲ್ಲಿಸಬೇಕೆಂಬುದು ಬೇತಾಳನಿಗೂ ತಿಳಿದಿದ್ದಿತು!

ಅಂತ್ಯ ತಿಳಿದರೆ ಜನ ನೋಡುವುದಿಲ್ಲವೆಂಬ ಭೀತಿಗೂ ಆಧಾರವಿಲ್ಲ. 2020ರಲ್ಲಿ ಜನರೆಲ್ಲ ಮನೆಯೊಳಗೆ ಕುಳಿತಿದ್ದ ದಿನಗಳಲ್ಲಿ ಹಿಂದಿಯ ಮಹಾಭಾರತವನ್ನು ಕನ್ನಡದ ಮಾತುಗಳೊಡನೆ ಪ್ರಸಾರ ಮಾಡಿದರು. ಆಬಾಲವೃದ್ಧರೂ ಆದರದಿಂದ ನೋಡಿದರು. ಅಭಿಮನ್ಯು ಚಕ್ರವ್ಯೂಹದಿಂದ ಹಿಂದಿರುಗುವುದಿಲ್ಲವೆಂಬುದು ತಿಳಿಯದ ಕನ್ನಡಿಗನುಂಟೆ? ತಿಳಿದೇ ಕುಳಿತರು, ತಿಳಿದೇ ಅತ್ತರು. ಅಭಿಮನ್ಯುವು ಯಾವುದೋ ರಥದ ಅಡಿಯಲ್ಲಿ ನುಸುಳಿ ಮರುದಿನ ಎದ್ದು ಬಂದಿದ್ದರೆ ಅರ್ಜುನನ ಪ್ರತಿಜ್ಞೆಗೆ ಏನು ಬೆಲೆ ಉಳಿಯುತ್ತಿದ್ದಿತು?

ಇಲ್ಲಿ ನೋಡುಗರಿಗೂ ಒಂದು ಮಾತು ಹೇಳಬೇಕಾಗಿದೆ. ತಮಗೆ ಪ್ರಿಯವಾದ ಪಾತ್ರ ಸಾಯಬಾರದು, ತಾವು ಬಯಸಿದ ಜೋಡಿಗೇ ಮದುವೆಯಾಗಬೇಕು ಎಂದು ಆಜ್ಞಾಪಿಸುವ ಅಧಿಕಾರ ಅವರಿಗಿಲ್ಲ. ಕೋನನ್ ಡಾಯ್ಲ್ ಎಂಬ ಆಂಗ್ಲ ಲೇಖಕನು 1893ರಲ್ಲಿ ತನ್ನ ಪತ್ತೇದಾರ ಷೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಕೊಂದಾಗ ಓದುಗರು ರೋಷಗೊಂಡರು. ಹತ್ತು ವರ್ಷಗಳಾದ ಮೇಲೆ, 1903ರಲ್ಲಿ, ಅವನು ಹೋಮ್ಸನನ್ನು ಮತ್ತೆ ಬದುಕಿಸಬೇಕಾಯಿತು. ಅದರಿಂದ ಓದುಗರಿಗೆ ಸುಖವಾಯಿತು. ಕಥೆಗಾರನ ಸ್ವಾತಂತ್ರ್ಯಕ್ಕೆ ಮಾತ್ರ ಊನವಾಯಿತು. ನಮ್ಮಲ್ಲಿಯೂ ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಿತ್ರವನ್ನು ತೆಗೆದಾಗ ಅದು ಮೂಲ ಲೇಖಕರಿಗೆ ಒಪ್ಪಿಗೆಯಾಗಲಿಲ್ಲ; ಆದರೂ ಆ ಚಿತ್ರ ತನ್ನ ದಾರಿಯಲ್ಲಿ ನಡೆದು ಜನಮನದಲ್ಲಿ ನಿಂತಿತು. ಅಭಿಪ್ರಾಯಭೇದ ಒಂದು, ಮೋಸ ಇನ್ನೊಂದು. ಕಥೆಗಾರನು ನಮ್ಮ ಇಷ್ಟವನ್ನು ನಡೆಸಲಿ ಎಂದು ಕೇಳುವುದು ಹಠ. ತಾನು ಕೊಟ್ಟ ಮಾತನ್ನು ತಾನು ನಡೆಸಲಿ ಎಂದು ಕೇಳುವುದು ನ್ಯಾಯ. ಮತ್ತು, ಖಳನ ವೇಷ ಹಾಕಿದ ನಟನಟಿಯರನ್ನು ಅವರ ಸ್ವಂತ ಹೆಸರು ಹಿಡಿದು ನಿಂದಿಸುವುದು ಯಾವ ನ್ಯಾಯದೊಳಗೂ ಸೇರುವುದಿಲ್ಲ. ಆ ಚಾಳಿಯನ್ನು ಬಿಡತಕ್ಕದ್ದು.

ಇದಕ್ಕೆ ಸರ್ಕಾರದಿಂದ ಕಾಯಿದೆಯನ್ನು ಬೇಡುವವರಲ್ಲ ನಾವು. ಕೆಟ್ಟ ಕಥೆಯನ್ನು ತಡೆಯಲು ಅಧಿಕಾರಿಯನ್ನು ನೇಮಿಸಿದರೆ ಮೊದಲು ಅಳಿಯುವುದು ಒಳ್ಳೆಯ ಕಥೆ. ಮಾಡಬೇಕಾದುದು ಬೇರೆ. ಕಥೆಯ ಅಂತ್ಯವನ್ನು ಗೊತ್ತುಮಾಡಿಕೊಂಡ ಮೇಲೆಯೇ ಮೊದಲನೆಯ ಕಂತನ್ನು ಚಿತ್ರೀಕರಿಸಲಿ. ಇಷ್ಟು ಕಂತುಗಳೆಂದು ಮೊದಲೇ ಸಾರಿ ಹೇಳಲಿ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 39 ಕಂತುಗಳಲ್ಲಿ ಬಂದಿತು. ಅಷ್ಟರಿಂದಲೇ ಅದು ಇಂದಿಗೂ ಬದುಕಿದೆ. ಕಥೆ ಬರೆಯುವವರಿಗೆ ತಕ್ಕ ವೇತನವೂ, ಯೋಚಿಸುವುದಕ್ಕೆ ಬಿಡುವೂ, 'ಇಲ್ಲಿಗೆ ಸಾಕು' ಎನ್ನುವ ಅಧಿಕಾರವೂ ದೊರೆಯಲಿ. ನೋಡುಗರು ಬೈಯುತ್ತಾ ನೋಡುವ ಅಭ್ಯಾಸವನ್ನು ಬಿಡಲಿ. ಮಾಪಕಕ್ಕೆ ಬೈಗುಳ ಕೇಳಿಸುವುದಿಲ್ಲ, ಪರದೆ ಉರಿಯುತ್ತಿರುವುದು ಮಾತ್ರ ಕಾಣಿಸುತ್ತದೆ.

ಈ ನಾಡಿನಲ್ಲಿ ಇನ್ನೂ ಪುಟ್ಟಗೌರಿಯರಿದ್ದಾರೆ. ಅವರನ್ನು ಬೆಟ್ಟದಿಂದ ಯಾರೂ ತಳ್ಳುವುದಿಲ್ಲ, ಅವರಿಗೆ ಹುಲಿಯೂ ಎದುರಾಗುವುದಿಲ್ಲ. ಶಾಲೆಯನ್ನು ಬಿಡಿಸಿ ಮದುವೆ ಮಾಡುತ್ತಾರೆ, ಅಷ್ಟೆ. ಅವರ ಕಥೆಗೆ ಒಂದು ಆದಿ, ಒಂದು ನಡು, ಒಂದು ಅಂತ್ಯವನ್ನು ಕಟ್ಟಿ ಹೇಳುವವರನ್ನು ಕನ್ನಡದ ಮನೆಗಳು ಕಾಯುತ್ತಿವೆ.